ಅತ್ತೆ ಗುರುತು ಮಾಡಿದ ಕಲ್ಲು

ನಮ್ಮ ಸೋದರತ್ತೆಯ ಊರು ಸಾತನೂರಿನಿಂದ ಕಬ್ಬಾಳಿಗೆ ಹೋಗುವ ಕಡೆ ಇದೆ. ಬಸ್ಸು ಇಳಿದು ಹಿಪ್ಪುನೇರಳೆ ತೋಟಗಳ ನಡುವೆ ಸ್ವಲ್ಪ ದೂರ ನಡೆಯಬೇಕು. ಊರಿನ ಹಿಂದೆ ಒಂದು ಗುಡ್ಡ. ಸರ್ಕಾರದ ನಕ್ಷೆಯಲ್ಲಿ ಅದಕ್ಕೊಂದು ಸರ್ವೆ ನಂಬರಿದೆ, ಊರಿನವರ ಬಾಯಲ್ಲಿ ಅದು ಬರೀ ಗುಡ್ಡ. ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಗುಡ್ಡದ ಒಂದು ಮಗ್ಗುಲನ್ನು ಗ್ರಾನೈಟ್ ಕ್ವಾರಿಗೆ ಗುತ್ತಿಗೆ ಕೊಟ್ಟರು. ಅಲ್ಲಿ ತೆಗೆದ ಕಲ್ಲು ಚೆನ್ನೈ ಬಂದರಿಗೆ ಹೋಗಿ ಹಡಗು ಹತ್ತಿ ಚೀನಾ ಸೇರುತ್ತಿತ್ತು.

ನಾನಾಗ ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿದ್ದೆ. ವಿಶ್ವ ವ್ಯಾಪಾರದ ಮಾತುಕತೆ ಯಾವುದೋ ದೂರದ ಊರಿನಲ್ಲಿ ನಡೆದಾಗಲೆಲ್ಲ ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ‘ಮಾತುಕತೆ ವಿಫಲ’ ಎಂಬ ಶೀರ್ಷಿಕೆಯನ್ನು ಎಷ್ಟೋ ಸಲ ಕೊಟ್ಟಿದ್ದೇನೆ. ದೇಶದೇಶಗಳ ನಡುವಿನ ಒಂದು ವ್ಯಾಪಾರದ ಮಾತುಕತೆ ಸಫಲವಾದದ್ದನ್ನು ನಾನು ಕಣ್ಣಾರೆ ನೋಡಿದ್ದು ಈ ಗುಡ್ಡದಲ್ಲಿ ಮಾತ್ರ. ಒಂದು ಕಡೆ ಚೀನಾದ ಖರೀದಿದಾರ, ಇನ್ನೊಂದು ಕಡೆ ನಮ್ಮತ್ತೆ. ವಿಷಯ, ಬಟ್ಟೆ ಒಗೆಯುವ ಕಲ್ಲು.

ಮೊದಲು ಆ ಊರಿನ ಪದ್ಧತಿ ಹೇಳಬೇಕು. ಅಲ್ಲಿ ಹೊಸ ಮನೆ ಕಟ್ಟಿದವರು ಗೃಹಪ್ರವೇಶಕ್ಕೆ ಮೊದಲೇ ಹಿತ್ತಲಿಗೆ ಒಗೆಯುವ ಕಲ್ಲು ತಂದು ಹಾಕಿಕೊಳ್ಳಬೇಕು. ಅದು ಗುಡ್ಡದ ಕಲ್ಲೇ ಆಗಬೇಕು, ಅದನ್ನು ಆರಿಸುವವಳು ಮನೆಯ ಯಜಮಾನಿಯೇ ಆಗಬೇಕು. ಗಂಡಸರಿಗೆ ಅದರಲ್ಲಿ ಮಾತಿಲ್ಲ. ಅವಳು ಬೆಳಗ್ಗೆ ಸ್ನಾನ ಮಾಡಿ ಗುಡ್ಡ ಹತ್ತುತ್ತಾಳೆ, ಕೈಯಲ್ಲೊಂದು ಬೆಣಚುಕಲ್ಲು ಹಿಡಿದು ಕಂಡ ಕಲ್ಲನ್ನೆಲ್ಲ ತಟ್ಟುತ್ತಾ ಹೋಗುತ್ತಾಳೆ. ಒಳಗೆ ಬಿರುಕಿದ್ದ ಕಲ್ಲು ಬೊದ್ ಎನ್ನುತ್ತದೆ. ಗಟ್ಟಿ ಕಲ್ಲು ಕಣ್ ಎನ್ನುತ್ತದೆ. ಕಣ್ ಎಂದ ಕಲ್ಲಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಒಂದು ವೀಳ್ಯದೆಲೆ ಅಡಿಕೆ ಇಟ್ಟು ಬರುತ್ತಾಳೆ. ಇದಕ್ಕೆ ಗುರುತು ಮಾಡುವುದು ಎನ್ನುತ್ತಾರೆ. ಕಲ್ಲು ದೊಡ್ಡದಾದರೆ ಆಮೇಲೆ ಗಂಡಸರು ಹೋಗಿ ಬೇಕಾದಷ್ಟು ಸೀಳಿಕೊಂಡು ಬರುತ್ತಾರೆ. ಗುರುತು ಬಿದ್ದ ಕಲ್ಲನ್ನು ಮತ್ತೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ಏನಾಗುತ್ತದೆ ಎಂದು ನಾನು ಹಲವರನ್ನು ಕೇಳಿದ್ದೇನೆ. ಯಾರಿಗೂ ಗೊತ್ತಿಲ್ಲ, ಯಾರೂ ಮುಟ್ಟಿಲ್ಲ.

ಕ್ವಾರಿ ಬಂದದ್ದರಿಂದ ಊರು ಅತ್ತು ಕೂತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಹತ್ತಾರು ಮನೆಯವರಿಗೆ ಅಲ್ಲಿ ಕೆಲಸ ಸಿಕ್ಕಿತು. ದಾರಿಗೆ ಜಲ್ಲಿ ಬಿತ್ತು. ಬಸ್ ನಿಲ್ದಾಣದ ಟೀ ಅಂಗಡಿಯವನು ಗಟ್ಟಿ ಟೀಗೆ ಎಕ್ಸ್‌ಪೋರ್ಟ್ ಎಂದೂ ನೀರು ಟೀಗೆ ರಿಜೆಕ್ಟ್ ಎಂದೂ ಹೆಸರಿಟ್ಟ. ಗಂಡು ನೋಡಲು ಹೋದವರು ವಾಪಸು ಬಂದು, “ಹುಡ್ಗ ಎಕ್ಸ್‌ಪೋರ್ಟ್ ಕ್ವಾಲಿಟಿ ಕಣವ್ವ” ಎಂದು ವರದಿ ಕೊಡತೊಡಗಿದರು. ಒಂದೇ ತೊಡಕು, ಗುತ್ತಿಗೆಯವರು ಮುಳ್ಳುತಂತಿ ಎಳೆದು ಕಾವಲುಗಾರನನ್ನು ಕೂರಿಸಿದ ಮೇಲೆ ಹೆಂಗಸರು ಬೆಣಚುಕಲ್ಲು ಹಿಡಿದು ಗುಡ್ಡ ಹತ್ತುವುದು ನಿಂತುಹೋಯಿತು. ಆಮೇಲೆ ಮನೆ ಕಟ್ಟಿದವರು ಸಾತನೂರಿನಿಂದ ಸಿಮೆಂಟಿನ ಒಗೆಯುವ ಕಲ್ಲು ಆಟೋದಲ್ಲಿ ತಂದರು. ಅದು ಎರಡು ಮಳೆಗಾಲಕ್ಕೆ ಸವೆದು ಜಲ್ಲಿ ಕಾಣಿಸುತ್ತಿತ್ತು.

ನಮ್ಮತ್ತೆಗೆ ಸಿಮೆಂಟಿನ ಕಲ್ಲು ಬೇಡವಾಗಿತ್ತು. ಅವಳ ಸಂಸಾರದ ಇತಿಹಾಸ ಗೊತ್ತಿದ್ದವರಿಗೆ ಅದರ ಕಾರಣ ಗೊತ್ತು. ಮದುವೆಯಾಗಿ ಬಂದಂದಿನಿಂದ ಅವಳು ತನ್ನ ಓರಗಿತ್ತಿಯ ಜೊತೆ ಒಂದೇ ಕಲ್ಲಿನಲ್ಲಿ ಬಟ್ಟೆ ಒಗೆದವಳು. ಓರಗಿತ್ತಿ ಹಿರಿಯಳು, ಆದ್ದರಿಂದ ಕಲ್ಲು ಮೊದಲು ಅವಳಿಗೆ. ಬಿಸಿಲು ಏರಿದ ಮೇಲೆ ನಮ್ಮತ್ತೆಗೆ. ಮನೆ ಭಾಗವಾದರೂ ಕಲ್ಲು ಭಾಗವಾಗಲಿಲ್ಲ, ಹಿರಿಯರ ಪಾಲಿಗೇ ಹೋಯಿತು. ಈಗ ರೇಷ್ಮೆ ಗೂಡು ಮತ್ತು ಹಾಲಿನ ದುಡ್ಡಿನಲ್ಲಿ ನಮ್ಮತ್ತೆ ಮಾವ ಊರಿನ ಅಂಚಿನಲ್ಲಿ ತಾರಸಿ ಮನೆ ಕಟ್ಟಿಸಿದ್ದರು. ಅಡುಗೆಮನೆಗೆ ಟೈಲ್ಸು, ಬಾಗಿಲಿಗೆ ಪಾಲಿಶ್ ಎಲ್ಲ ಮಾವನ ಇಷ್ಟಕ್ಕೆ ಬಿಟ್ಟಿದ್ದಳು. “ಕಲ್ ಮಾತ್ರ ನಂದು” ಎಂದಿದ್ದಳು. ಗುಡ್ಡದ ಕಲ್ಲಿಲ್ಲದೆ ಹಾಲು ಉಕ್ಕಿಸುವುದಿಲ್ಲ ಎಂದೂ ಹೇಳಿದ್ದಳು. ಲಗ್ನಪತ್ರಿಕೆಯಂತೆ ಗೃಹಪ್ರವೇಶದ ಪತ್ರಿಕೆ ಅಚ್ಚಾಗಿ ಹಂಚಿಯಾಗಿತ್ತು.

ಅವಳು ಕ್ವಾರಿ ಮ್ಯಾನೇಜರನ್ನು ನೇರವಾಗಿ ಹೋಗಿ ಕೇಳಿದಳು. ಆತ ಆಂಧ್ರದ ಕಡೆಯವನು, ಒಳ್ಳೆಯ ಮನುಷ್ಯ, ಯಾವಾಗಲೂ ಎರಡು ಫೋನುಗಳ ನಡುವೆ ಇರುತ್ತಿದ್ದ. “ಹಿಂದ್ಗಡೆ ವೇಸ್ಟ್ ರಾಶಿ ಬಿದ್ದಿದೆ ಅಮ್ಮಾ, ಅದ್ರಲ್ಲಿ ಯಾವ್ದು ಬೇಕೋ ತಗೊಳ್ಳಿ” ಎಂದನಂತೆ. ಇದನ್ನು ಅತ್ತೆಯೂ ಹೇಳಿದಳು, ಮ್ಯಾನೇಜರನೂ ಒಪ್ಪಿದ. ಹಾಗಾಗಿ ದಾಖಲಿಸುತ್ತಿದ್ದೇನೆ.

ಶುಕ್ರವಾರ ಬೆಳಗ್ಗೆ ಅವಳು ತನ್ನ ಸೊಪ್ಪಿನ ತೋಟದ ಕಡೆಯಿಂದ ಗುಡ್ಡದ ಹಿಂಭಾಗಕ್ಕೆ ಹತ್ತಿದಳು. ವೇಸ್ಟ್ ರಾಶಿಯ ಕಲ್ಲುಗಳನ್ನು ತಟ್ಟಿದಳು. ಬೊದ್, ಬೊದ್. ಅವೆಲ್ಲ ಬಿರುಕಿದ್ದಕ್ಕೇ ವೇಸ್ಟ್ ಆದ ಕಲ್ಲುಗಳು. ಅತ್ತೆ ತಟ್ಟುತ್ತಾ ತಟ್ಟುತ್ತಾ ಮುಂದೆ ಹೋದಳು. ವೇಸ್ಟ್ ಎಲ್ಲಿ ಮುಗಿಯುತ್ತದೆ, ಲಾರಿಗೆ ಹತ್ತಬೇಕಾದ ಬ್ಲಾಕುಗಳು ಎಲ್ಲಿ ಶುರುವಾಗುತ್ತವೆ ಎಂಬುದಕ್ಕೆ ಅಲ್ಲಿ ಬೇಲಿಯೇನೂ ಇರಲಿಲ್ಲ. ಕೊನೆಗೆ ಒಂದು ಕಲ್ಲು ಕಣ್ ಎಂದಿತು. “ದೇವಸ್ಥಾನದ ಗಂಟೆ ಹೊಡ್ದಂಗೆ ಅಂತು ಕಣೋ ಅಳಿಯ” ಎಂದು ಆಮೇಲೆ ನನಗೆ ಹೇಳಿದಳು. ಟೆಂಪೋ ಗಾತ್ರದ, ಹಸಿರು ಮಿಶ್ರಿತ ಕಪ್ಪು ಕಲ್ಲು. ಅರಿಶಿನ ಬಳಿದು, ಕುಂಕುಮ ಇಟ್ಟು, ಕೈಮುಗಿದು ಇಳಿದು ಬಂದಳು.

ಅದೇ ಕಲ್ಲನ್ನು ಹಿಂದಿನ ವಾರ ಚೀನಾದಿಂದ ಬಂದ ಖರೀದಿದಾರನೂ ಆರಿಸಿದ್ದ. ಅವರದ್ದೂ ಒಂದು ಪದ್ಧತಿ ಇದೆ. ಬಾಟಲಿಯಿಂದ ಕಲ್ಲಿನ ಮೇಲೆ ನೀರು ಹೊಯ್ದು ಅದು ಆರುವುದನ್ನೇ ನೋಡುತ್ತಾರೆ. ಬಿರುಕಿದ್ದರೆ ಅಲ್ಲಿ ಮಾತ್ರ ತೇವದ ಗೆರೆ ಉಳಿಯುತ್ತದೆ. ಉಳಿಯದಿದ್ದರೆ ಕೆಂಪು ಬಣ್ಣದಲ್ಲಿ ಅಕ್ಷರ ಬರೆದು ಮಾರ್ಕ್ ಮಾಡುತ್ತಾರೆ. ಅವನ ಕೆಂಪು ಅಕ್ಷರ ರಸ್ತೆಯ ಕಡೆಯ ಮುಖದ ಮೇಲಿತ್ತು. ಅತ್ತೆಯ ಅರಿಶಿನ ಗುಡ್ಡದ ಕಡೆಯ ಮುಖದ ಮೇಲೆ ಬಿತ್ತು. ಒಬ್ಬರ ಗುರುತನ್ನು ಇನ್ನೊಬ್ಬರು ನೋಡಲಿಲ್ಲ.

ನಾನು ಗೃಹಪ್ರವೇಶಕ್ಕೆಂದು ಶನಿವಾರ ಬೆಳಗ್ಗೆ ಬಸ್ಸಿಳಿದಾಗ ಟೀ ಅಂಗಡಿಯಲ್ಲಿ ಒಬ್ಬನೂ ಇರಲಿಲ್ಲ. ಅಂಗಡಿಯವನೂ ಇರಲಿಲ್ಲ. ಊರೆಲ್ಲ ಕ್ವಾರಿಯಲ್ಲಿತ್ತು. ಅಲ್ಲಿ ಉದ್ದನೆಯ ಟ್ರೈಲರ್ ಲಾರಿ ನಿಂತಿತ್ತು, ಕ್ರೇನ್ ಕತ್ತು ಚಾಚಿತ್ತು, ಕೆಲಸ ನಿಂತಿತ್ತು. ಉಕ್ಕಿನ ಹಗ್ಗ ಬಿಗಿಯಲು ಕಲ್ಲಿನ ಹಿಂದಕ್ಕೆ ಹೋದ ಕೆಲಸಗಾರ ಅರಿಶಿನ ಕಂಡು ಹಗ್ಗ ಕೆಳಗಿಟ್ಟಿದ್ದ. ಅವನು ನಮ್ಮ ಅತ್ತೆಯ ಬೀದಿಯವನೇ. ಅವನ ಬದಲು ಇನ್ನೊಬ್ಬ ಬಂದ, ಅವನೂ ಇಟ್ಟ. ಕ್ರೇನ್ ಓಡಿಸುವವನು ಹೊಸೂರಿನ ಕಡೆಯ ತಮಿಳಿನವನು. ಈ ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ಆದರೂ ಇಳಿದು ಬಂದು ಕುಂಕುಮ ನೋಡಿ ಚಪ್ಪಲಿ ಬಿಟ್ಟ. ಅಲ್ಲಿಗೆ ಮ್ಯಾನೇಜರನ ಆಸೆ ಮುಗಿಯಿತು.

“ಏನ್ಲಾ ಇದು, ಯಾರ್ ಮಾಡಿದ್ದು?” ಎಂದು ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ, “ವೀಳ್ಯದೆಲೆ ನೋಡ್ಲಾ, ತೊಟ್ಟು ಮುರ್ದೈತೆ. ಊರಲ್ಲಿ ಹಂಗೆ ಮುರಿಯೋರು ಒಬ್ರೇ” ಎಂದ. ಅತ್ತೆಯನ್ನು ಕರೆಸಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಜ್ಜಾಯದ ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು. ಹಿಂದೆ ಮಾವ, ಮಾವನ ಹಿಂದೆ ಓರಗಿತ್ತಿ.

ಅಷ್ಟರಲ್ಲಿ, ಕಲ್ಲು ಲಾರಿಗೆ ಹತ್ತುವುದನ್ನು ನೋಡಲು ಬಂದಿದ್ದ ಚೀನಾದ ಖರೀದಿದಾರ ಅದನ್ನು ಸುತ್ತಿ ಬಂದ. ಇನ್ನೂ ಮೂವತ್ತು ದಾಟದ ಹುಡುಗ, ತಲೆಗೆ ಬಟ್ಟೆಯ ಟೋಪಿ. ಅರಿಶಿನ ನೋಡಿದೊಡನೆ ಅವನ ಮುಖ ಇಳಿಯಿತು. ಅವನಿಗೆ ಕಂಡದ್ದು ಪೂಜೆಯಲ್ಲ, ಕಲೆ. ಒಳಗಿನ ಕಬ್ಬಿಣದ ಅಂಶ ತುಕ್ಕು ಹಿಡಿದು ಹಳದಿಯಾಗಿ ಹೊರಗೆ ಬರುವುದು ಗ್ರಾನೈಟಿನ ದೊಡ್ಡ ದೋಷವಂತೆ, ಅಂಥ ಬ್ಲಾಕು ರಿಜೆಕ್ಟ್. ಕಲೆ ಹೋಗುತ್ತದೋ ಇಲ್ಲವೋ ನೋಡಲು ಅವನು ಬಾಟಲಿಯ ಮುಚ್ಚಳ ತೆಗೆದು ಕುಂಕುಮದ ಮೇಲೆಯೇ ನೀರು ಸುರಿದ.

ಜನ ಹೋ ಎಂದರು. ಕುಂಕುಮ ಕರಗಿ ಇಳಿಯಿತು, ವೀಳ್ಯದೆಲೆ ಜಾರಿ ಅವನ ಬೂಟಿನ ಮೇಲೆ ಬಿತ್ತು. ಅರಿಶಿನದ ಬಣ್ಣ ಮಾತ್ರ ಕಲ್ಲಿನಲ್ಲಿ ಉಳಿಯಿತು. ಅಲ್ಲೇ ಎರಡು ಪಕ್ಷಗಳಾದವು.

“ಗುರುತು ಹೋಯ್ತು, ಇನ್ ಕಲ್ಲು ಅವ್ರದ್ದೇ.”

“ಎಲ್ಲೋಯ್ತ್ಲಾ? ನೀರ್ ಹಾಕ್ದ. ಅಭಿಷೇಕ ಆದಂಗಾಯ್ತು. ಈಗ ಇನ್ನೂ ಭದ್ರ.”

“ಅಂವ ಚೀನಾದೋನು, ಅಂವ ಹಾಕುದ್ರೆ ಅಭಿಷೇಕ ಆಯ್ತದಾ?”

“ನೀರು ಯಾವ್ದು? ನಮ್ಮೂರ ಬೋರ್‌ವೆಲ್ದು.”

ಮ್ಯಾನೇಜರ್ ಎರಡು ಫೋನನ್ನೂ ಜೇಬಿಗೆ ಹಾಕಿ ಅತ್ತೆಯ ಮುಂದೆ ಬಂದು ನಿಂತ.

“ಅಮ್ಮಾ, ವೇಸ್ಟ್‌ನಲ್ಲಿ ತಗೊಳ್ಳಿ ಅಂದೆ. ಇದು ಎಕ್ಸ್‌ಪೋರ್ಟ್ ಬ್ಲಾಕಮ್ಮಾ.”

“ನಿನ್ ವೇಸ್ಟ್ ಎಲ್ಲಾ ಬೊದ್ ಅಂತಾವೆ ಮೇನೇಜರಪ್ಪ. ನಾನೇನು ಅದ್ರಲ್ಲಿ ಬಟ್ಟೆ ಒಗೀಲಾ, ಅದಕ್ಕೆ ಔಸ್ದಿ ಹಚ್ಲಾ?”

“ನಿಮ್ಗೆ ಪಾಲಿಶ್ ಮಾಡಿರೋ ಕಲ್ಲೇ ಕೊಡಿಸ್ತೀನಿ. ಕನ್ನಡಿ ತರ ಇರತ್ತೆ.”

“ಕನ್ನಡೀಲಿ ಒಗುದ್ರೆ ಸೀರೆ ಜಾರಿ ಪಕ್ಕದ ಮನೇಗೋಯ್ತದೆ.”

ಜನ ನಕ್ಕರು. ಮ್ಯಾನೇಜರನೂ ನಕ್ಕ, ಆದರೆ ಬೇಗ ನಿಲ್ಲಿಸಿದ. ಟ್ರೈಲರ್ ಆ ದಿನವೇ ಹೊರಡದಿದ್ದರೆ ಹಡಗು ತಪ್ಪುತ್ತಿತ್ತು.

“ಗುಡ್ಡ ಸರ್ಕಾರದ್ದಮ್ಮಾ. ಸರ್ಕಾರ ನಮಗೆ ಲೀಜ್ ಕೊಟ್ಟಿದೆ. ಪೇಪರ್ ಇದೆ.”

“ಸರ್ಕಾರ ಯಾವತ್ತಾರಾ ಬಟ್ಟೆ ಒಗ್ದೈತಾ? ಅದಕ್ಕೆ ಕಲ್ಲಿನ್ ಬೆಲೆ ಏನ್ ಗೊತ್ತು?”

ಸ್ವಾಯತ್ತತೆ, ಸಾರ್ವಭೌಮತ್ವ ಎಂಬ ಪದಗಳನ್ನು ಡೆಸ್ಕಿನಲ್ಲಿ ದಿನವೂ ತಿದ್ದುತ್ತಿದ್ದ ನನಗೆ ಆ ಮಾತಿಗಿಂತ ಚಿಕ್ಕ ಸಂಪಾದಕೀಯ ನೆನಪಿಲ್ಲ. ಆದರೆ ಅವಳು ಗೆಲ್ಲುತ್ತಾಳೆಂದು ನನಗೆ ಅನಿಸಲಿಲ್ಲ. ಕಾಗದ ಅವರ ಕಡೆ ಇತ್ತು. ಮ್ಯಾನೇಜರ್ ಬೇರೆ ಊರಿನಿಂದ ಕೂಲಿಗಳನ್ನು ತರಿಸಿದರೆ ಸಂಜೆಯೊಳಗೆ ಕಲ್ಲು ಹೋಗುತ್ತಿತ್ತು. ಹಾಗೆ ಹೋದರೆ ಅತ್ತೆ ಸಿಮೆಂಟಿನ ಕಲ್ಲಿಗೆ ಒಪ್ಪಬೇಕು, ಇಲ್ಲವೇ ಮತ್ತೆ ಓರಗಿತ್ತಿಯ ಕಲ್ಲಿನ ಮುಂದೆ ಬಿಸಿಲಿಗೆ ಕಾಯಬೇಕು. ಅವಳ ನಂತರ ಈ ಊರಿನಲ್ಲಿ ಇನ್ನು ಯಾರೂ ಗುರುತು ಮಾಡಲು ಗುಡ್ಡ ಹತ್ತುವುದಿಲ್ಲ. ಅಲ್ಲಿದ್ದ ಹೆಂಗಸರಿಗೆಲ್ಲ ಅದು ಗೊತ್ತಿತ್ತು. ಅದಕ್ಕೇ ಅಷ್ಟು ಜನ ಒಲೆ ಬಿಟ್ಟು ಬಂದಿದ್ದರು.

ಏನು ನಡೆಯುತ್ತಿದೆ ಎಂದು ಚೀನಾದ ಹುಡುಗ ಇಂಗ್ಲಿಷಿನಲ್ಲಿ ಕೇಳಿದ. ಅವನದೂ ಮ್ಯಾನೇಜರನದೂ ಎಣಿಸಿದಷ್ಟು ಪದಗಳ ಇಂಗ್ಲಿಷು. ಇಷ್ಟು ಹೊತ್ತಿನ ವಾದವನ್ನೆಲ್ಲ ಮ್ಯಾನೇಜರ್ ‘ಹಳ್ಳಿಯ ಹೆಂಗಸು, ದೇವರ ಸಮಸ್ಯೆ’ ಎಂಬಷ್ಟಕ್ಕೆ ಇಳಿಸಿದ. ಸುದ್ದಿಯನ್ನು ಕತ್ತರಿಸುವುದು ನನ್ನ ವೃತ್ತಿ, ಆದರೂ ಇದು ತೀರಾ ಹೆಚ್ಚಾಯಿತು ಎನಿಸಿತು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ತಲೆಯಾಡಿಸಿ ಅತ್ತೆಯನ್ನು ಕಲ್ಲಿನ ಆ ಕಡೆಗೆ ಕರೆದ. ತನ್ನ ಕೆಂಪು ಅಕ್ಷರ ತೋರಿಸಿದ. ಆಮೇಲೆ ಈ ಕಡೆಗೆ ಬಂದು ಹಳದಿ ತೋರಿಸಿ, “ಮಾರ್ಕ್?” ಎಂದ.

ಕ್ವಾರಿ ಬಂದ ಮೇಲೆ ಆ ಪದ ಊರಿನಲ್ಲಿ ಎಲ್ಲರಿಗೂ ಗೊತ್ತು. “ಹೂಂ ಕಣಪ್ಪ, ಮಾರ್ಕು” ಎಂದಳು ಅತ್ತೆ.

ಹುಡುಗನ ಮುಖ ಬದಲಾಯಿತು. ಕಲೆಯಲ್ಲ ಎಂದು ಸಮಾಧಾನವಾಯಿತು, ಜೊತೆಗೆ ಎದುರಿಗಿರುವವಳು ಇನ್ನೊಬ್ಬ ಖರೀದಿದಾರಳು ಎಂದು ಅರ್ಥವಾಯಿತು. ಟೋಪಿ ತೆಗೆದು ಪಕ್ಕಕ್ಕಿಟ್ಟ. ಯಾಕೆ ಇದೇ ಕಲ್ಲು ಎಂದು ಕೈಯಲ್ಲಿ ಕೇಳಿದ. ಅತ್ತೆ ನೆಲದಿಂದ ಒಂದು ಬೆಣಚುಕಲ್ಲು ಹೆಕ್ಕಿ ಬ್ಲಾಕನ್ನು ತಟ್ಟಿದಳು. ಕಣ್. ಪಕ್ಕದ ವೇಸ್ಟ್ ಕಲ್ಲನ್ನು ತಟ್ಟಿದಳು. ಬೊದ್. ಹುಡುಗ ಬೆಣಚುಕಲ್ಲು ಇಸಿದುಕೊಂಡು ತಾನೂ ತಟ್ಟಿ ಕಿವಿ ಕೊಟ್ಟ. ನಂತರ ತನ್ನ ಬಾಟಲಿಯನ್ನು ಅವಳ ಕೈಗೆ ಕೊಟ್ಟು ನೀರು ಹೊಯ್ಯಲು ಹೇಳಿದ. ಆರುವವರೆಗೆ ಇಬ್ಬರೂ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಗೆರೆ ಉಳಿಯಲಿಲ್ಲ. “ಬೇಷ್” ಎಂದಳು ಅತ್ತೆ, ಕಲ್ಲಿಗೋ ಹುಡುಗನಿಗೋ ತಿಳಿಯಲಿಲ್ಲ.

ಏನಕ್ಕೆ ಬೇಕು ಎಂಬುದು ಮುಂದಿನ ಪ್ರಶ್ನೆ. ಅತ್ತೆ ಎದ್ದು ನಿಂತು, ಇಲ್ಲದ ಸೀರೆಯೊಂದನ್ನು ತಲೆಯ ಮೇಲಿಂದ ಬೀಸಿ ಕಲ್ಲಿಗೆ ಬಡಿದಳು. ಹುಡುಗ ನಕ್ಕು, ಹಾಗಲ್ಲ ಎಂಬಂತೆ, ಕೂತು ಎರಡೂ ಕೈಯಲ್ಲಿ ಉಜ್ಜಿ ತೋರಿಸಿದ. ಅವನ ತಾಯಿ ಹಾಗೆ ಒಗೆಯುತ್ತಾಳೆಂದು ಮ್ಯಾನೇಜರನ ಮೂಲಕ ತಿಳಿಯಿತು.

“ಹಂಗ್ ಸವರುದ್ರೆ ಕೊಳೆ ಹೋಯ್ತದಾ? ಅವ್ರವ್ವಂಗೆ ಹೇಳಪ್ಪ, ಬಡೀಬೇಕು” ಎಂದಳು ಅತ್ತೆ. ಮ್ಯಾನೇಜರ್ ಅದನ್ನು ಭಾಷಾಂತರಿಸಲಿಲ್ಲ.

ಹುಡುಗ ಟೇಪು ತೆಗೆದು ಅಳೆದ. ಗುಡ್ಡದ ಕಡೆಯ ಮುಖ ಸ್ವಲ್ಪ ಉಬ್ಬಿತ್ತು. ಬ್ಲಾಕು ಚೌಕವಾಗಬೇಕಾದರೆ ಆ ಉಬ್ಬನ್ನು ಹೇಗೂ ಚೀನಾದಲ್ಲಿ ತೆಗೆಸಲೇಬೇಕಿತ್ತು. ಅವನು ಕೆಂಪು ಬಣ್ಣದ ಡಬ್ಬಿ ತರಿಸಿ ಕಲ್ಲಿನ ನೆತ್ತಿಯ ಮೇಲೆ ಅಂಚಿನ ಹತ್ತಿರ ಒಂದು ಗೆರೆ ಎಳೆದ. ಗೆರೆಯಿಂದ ಆ ಕಡೆ ತನ್ನದು, ಈ ಕಡೆ, ಅರಿಶಿನ ಇರುವ ಹೋಳು, ಅವಳದು.

ಅತ್ತೆ ಬಗ್ಗಿ ಗೆರೆ ನೋಡಿದಳು. ಒಪ್ಪಿದರೆ ಸಾಕಿತ್ತು. ಆದರೆ ಕನಕಪುರದ ಸಂತೆಯಲ್ಲಿ ಸೊಪ್ಪಿಗೂ ಚೌಕಾಸಿ ಮಾಡಿದವಳು.

“ಇಷ್ಟ್ ತೆಳ್ಳುಕಿದ್ರೆ ಒಂದ್ ರಗ್ಗು ಬಡುದ್ರೆ ಎರಡ್ ಹೋಳಾಯ್ತದೆ. ಒಸಿ ಆ ಕಡೀಕೆ ಹೋಗ್ಲಿ.” ನಾಲ್ಕು ಬೆರಳು ಅಡ್ಡ ಇಟ್ಟು ತೋರಿಸಿದಳು.

ಹುಡುಗ ಒಂದು ಬೆರಳು ತೋರಿಸಿದ.

“ಅಯ್ಯೋ, ಒಂದ್ ಬೆರಳಿಗೆ ಯಾಕಪ್ಪ ಇಷ್ಟ್ ದೂರ ಬಂದೆ?” ಎಂದಳು. ಮೂರಕ್ಕೆ ಇಳಿದಳು. ಅವನು ಎರಡಕ್ಕೆ ಏರಿದ. ಮ್ಯಾನೇಜರ್ ತಲೆ ಕೆರೆದುಕೊಂಡ. ಓರಗಿತ್ತಿ ಹಿಂದಿನಿಂದ, “ಬುಡ್ಬ್ಯಾಡ ಕಣೇ!” ಎಂದು ಕೂಗಿದಳು. ಆ ಮನೆಯಲ್ಲಿ ಅವಳು ನಮ್ಮತ್ತೆಯ ಪರವಾಗಿ ಬಾಯಿ ಬಿಟ್ಟದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ, ತಿರುಗಿ ನೋಡಿದಳು. ಆಮೇಲೆ ಮೂರು ಬೆರಳನ್ನು ಕಲ್ಲಿನ ಮೇಲೆ ಒತ್ತಿ ಇಟ್ಟು ತೆಗೆಯಲಿಲ್ಲ. ಹುಡುಗ ಆ ಬೆರಳುಗಳ ಪಕ್ಕದಲ್ಲೇ ಕುಂಚ ಎಳೆದ. ಕಿರುಬೆರಳಿಗೆ ಬಣ್ಣ ಮೆತ್ತಿತು.

ಮ್ಯಾನೇಜರ್ ದೂರ ಹೋಗಿ ಬೆಂಗಳೂರಿನಲ್ಲಿದ್ದ ಮಾಲೀಕರಿಗೆ ಫೋನು ಮಾಡಿದ. ಮಾಲೀಕರಿಗೆ ಆತ ಹೇಳಿದ್ದು ನನ್ನ ಕಿವಿಗೆ ಬಿದ್ದಷ್ಟು ಇಷ್ಟೇ: “ಬ್ಲಾಕಿನ ಉಬ್ಬು ತೆಗೀತಿದ್ದೀವಿ ಸಾರ್, ಸ್ವಲ್ಪ ಲೇಟು.” ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಇನ್ನು ಉಳಿದದ್ದು ಊರಿನ ಸಂದೇಹ. ಗುರುತು ಬಿದ್ದ ಕಲ್ಲನ್ನು ಬಿಟ್ಟುಕೊಡುವುದು ಹೇಗೆ ಎಂಬುದಕ್ಕೆ ಪದ್ಧತಿ ಇರಲಿಲ್ಲ, ಯಾಕೆಂದರೆ ಯಾರೂ ಬಿಟ್ಟುಕೊಟ್ಟಿರಲಿಲ್ಲ. ಟೀ ಅಂಗಡಿಯವನು ತೀರ್ಪು ಕೊಟ್ಟ: “ಅರಿಶಿನ ಇರೋ ಮುಖ ಅವರ ಮನೇಗೋಯ್ತದೆ. ಅರಿಶಿನ ಇಲ್ದಿದ್ದು ಬರೀ ಕಲ್ಲು. ಎತ್ರಲಾ ಹಗ್ಗ.” ಗೆರೆಯ ಉದ್ದಕ್ಕೂ ತೂತು ಕೊರೆದು, ಬೆಣೆ ಇಟ್ಟು, ಸಾಲಾಗಿ ಬಡಿಯುತ್ತಾ ಹೋದರು. ಪ್ರತಿ ಏಟಿಗೂ ಸ್ವರ ಏರುತ್ತಿತ್ತು. ಕೊನೆಗೆ ಬಟ್ಟೆ ಹರಿದಂಥ ಸದ್ದಾಗಿ ಹೋಳು ಬಿಟ್ಟುಕೊಂಡಿತು. ಟ್ರೈಲರ್ ಮಧ್ಯಾಹ್ನ ಹೊರಟಿತು. ಅದರ ಹಿಂದೆಯೇ ಅತ್ತೆಯ ಕಲ್ಲು ಟ್ರ್ಯಾಕ್ಟರಿನಲ್ಲಿ ಇಳಿಯಿತು. ಟಾರು ರಸ್ತೆ ಸೇರುವಲ್ಲಿ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ಹೋದವು.

ಮರುದಿನ ಹಾಲು ಉಕ್ಕಿತು. ಚೀನಾದ ಹುಡುಗ ಮ್ಯಾನೇಜರನ ಜೊತೆ ಊಟಕ್ಕೆ ಬಂದಿದ್ದ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಅವನಿಗೆ ತಿಳಿಸಲು ಬಹಳ ಕೈಭಾಷೆ ಬೇಕಾಯಿತು. ಕಜ್ಜಾಯಕ್ಕೆ ಏನೂ ಬೇಕಾಗಲಿಲ್ಲ.

ಸೋಮವಾರ ಆಫೀಸಿನಲ್ಲಿ ಇದನ್ನೊಂದು ಸುದ್ದಿ ಮಾಡೋಣವೇ ಎಂದು ಮುಖ್ಯ ಉಪಸಂಪಾದಕರನ್ನು ಕೇಳಿದೆ. “ಗಲಾಟೆ ಆಯ್ತಾ?” ಎಂದರು. ಇಲ್ಲ ಎಂದೆ. “ರಸ್ತೆ ತಡೆ?” ಇಲ್ಲ. “ಮತ್ತೆ ಸುದ್ದಿ ಎಲ್ರೀ ಇದೆ?” ಎಂದು ವಿಶ್ವ ವ್ಯಾಪಾರದ ಏಜೆನ್ಸಿ ಕಾಪಿ ನನ್ನ ಕಡೆಗೆ ತಳ್ಳಿದರು. ಮಾತುಕತೆ ಅಲ್ಲಿ ಮತ್ತೆ ಮುರಿದುಬಿದ್ದಿತ್ತು.

ಕ್ವಾರಿ ನಡೆದಷ್ಟು ವರ್ಷವೂ ಮ್ಯಾನೇಜರ್ ಎರಡು ನಿಯಮ ಪಾಲಿಸಿದ. ಖರೀದಿದಾರರು ಬರುವ ಹಿಂದಿನ ದಿನ ಒಬ್ಬನನ್ನು ಕಳಿಸಿ ಬ್ಲಾಕುಗಳ ನಾಲ್ಕೂ ಕಡೆ ಅರಿಶಿನ ಇದೆಯೇ ಎಂದು ನೋಡಿಸುತ್ತಿದ್ದ. ಗೃಹಪ್ರವೇಶದ ಪತ್ರಿಕೆ ತಂದು ಕೊಟ್ಟ ಮನೆಯವರಿಗೆ, ಚೌಕ ಮಾಡುವಾಗ ಬಿಟ್ಟ ಹೋಳುಗಳಲ್ಲಿ ಕಣ್ ಎನ್ನುವಂಥದ್ದನ್ನು ಎತ್ತಿಡುತ್ತಿದ್ದ. ಹೆಂಗಸರು ಮತ್ತೆ ಬೆಣಚುಕಲ್ಲು ಹಿಡಿದು ಹತ್ತಿದರು. ಕಾವಲುಗಾರ ಗೇಟು ತೆಗೆಯುತ್ತಿದ್ದ.

ಅತ್ತೆಯ ಕಲ್ಲು ಈಗಲೂ ಹಿತ್ತಲಿನಲ್ಲಿದೆ. ಅದರ ಬದಿಯಲ್ಲಿ ಮೊದಲ ಕೆಂಪು ಗೆರೆಯೂ ಅಂಚಿನಲ್ಲಿ ಎರಡನೆಯದರ ಅರ್ಧವೂ ಉಳಿದಿವೆ, ಸೋಪಿಗೆ ಹೋಗಿಲ್ಲ. ಮುಂದೊಂದು ಭಾನುವಾರ ನಾನು ಅಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಓರಗಿತ್ತಿ ಬಕೆಟ್ ತುಂಬ ಬಟ್ಟೆ ಹೊತ್ತು ಬಂದಳು. ಅವರ ಹಳೆಯ ಕಲ್ಲು ನಡುವೆ ಸವೆದು ತೊಟ್ಟಿಯಾಗಿತ್ತು.

“ಒಸಿ ಒಕ್ಕೊಂಡ್ ಹೋಗ್ತೀನಿ ಕಣೇ.”

“ಲೀಜ್ ಪೇಪರ್ ಐತಾ ಅಕ್ಕ?” ಎಂದಳು ಅತ್ತೆ.

“ನಾನ್ ಅವತ್ತು ಕೂಗ್ದೇ ಇದ್ದಿದ್ರೆ ಎರಡೇ ಬೆರಳಿಗೆ ಒಪ್ಪಿರ್ತಿದ್ದೆ ನೀನು. ಆ ಒಂದ್ ಬೆರಳು ನಂದು.”

ಅತ್ತೆ ತನ್ನ ಅರ್ಧ ಒಗೆದ ಬಟ್ಟೆಗಳನ್ನು ಬುಟ್ಟಿಗೆ ಹಾಕಿ, ಕಲ್ಲಿನ ಮೇಲೆ ಒಂದು ಚೊಂಬು ನೀರು ಹೊಯ್ದು ತೊಳೆದು ಪಕ್ಕಕ್ಕೆ ಸರಿದಳು. ಬಿಸಿಲು ಇನ್ನೂ ಏರಿರಲಿಲ್ಲ.